ತಲೆಗೆ ತಕ್ಕ ಹೆಲ್ಮೆಟ್: ಗೋ-ಕಾರ್ಟ್ ಟ್ರ್ಯಾಕ್‌ನಲ್ಲೂ, ಶಹಾಪುರದ ರಸ್ತೆಯಲ್ಲೂ

ಪೆರ್ನಾಲ್ ರಜೆ ಬಂತೆಂದರೆ ಯಾದಗಿರಿ, ಶಹಾಪುರ, ಸುರಪುರದ ಕಡೆಯಿಂದ ಹೈದರಾಬಾದಿಗೆ ಹೋಗುವ ಕುಟುಂಬಗಳು ಬಹಳ. ಯಾದಗಿರಿಯಲ್ಲಿ ರೈಲು ಹತ್ತಿದರಾಯಿತು. ಮೊದಲೆಲ್ಲ ಚಾರ್‌ಮಿನಾರ್, ಸಾಲಾರ್ ಜಂಗ್ ಮ್ಯೂಸಿಯಂ, ಝೂ ನೋಡಿ, ಬಿರಿಯಾನಿ ತಿಂದು ಬಂದರೆ ಪ್ರವಾಸ ಮುಗಿಯುತ್ತಿತ್ತು. ಈಗ ಮಕ್ಕಳ ಪಟ್ಟಿಯಲ್ಲಿ ಗೋ-ಕಾರ್ಟಿಂಗ್ ಸೇರಿದೆ. ಕರಾವಳಿಯ ನಮ್ಮ ಮನೆಗಳ ಮಕ್ಕಳೂ ಬೆಂಗಳೂರಿಗೆ ಹೋದರೆ ಅದನ್ನೇ ಕೇಳುತ್ತಾರೆ, ದುಬೈಯಲ್ಲಿರುವ ಮಾಮನ ಮನೆಗೆ ಹೋದರೆ ಅಲ್ಲಿನ ಕಾರ್ಟ್‌ಡ್ರೋಮ್ ತೋರಿಸಿ ಎಂದು ಹಟ ಹಿಡಿಯುತ್ತಾರೆ. ನಾವು ಮಕ್ಕಳ ಆಟಕ್ಕೆ ಅಡ್ಡ ಹಾಕುವವರಲ್ಲ. ಆದರೆ ಟಿಕೆಟ್ ಕೊಡುವ ಕೌಂಟರಿನ ಪಕ್ಕದಲ್ಲಿ ರಾಶಿ ಹಾಕಿರುವ ಹೆಲ್ಮೆಟ್‌ಗಳಲ್ಲಿ ಕೈಗೆ ಸಿಕ್ಕಿದ್ದನ್ನು ತಲೆಗೆ ಸಿಕ್ಕಿಸಿ, ಫೋಟೋ ತೆಗೆದು, ಮಗುವನ್ನು ಬಿಟ್ಟುಬಿಡುವ ತಂದೆ-ತಾಯಿಯರಿಗೆ ಎರಡು ಮಾತು ಹೇಳುವುದಿದೆ.

2020ರ ಅಕ್ಟೋಬರ್‌ನಲ್ಲಿ ಹೈದರಾಬಾದಿನ ಹೊರವಲಯದ ಗುರ್ರಂಗೂಡದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಹುಡುಗಿಯೊಬ್ಬಳು ಗೋ-ಕಾರ್ಟ್ ಓಡಿಸುವಾಗ ಕೂದಲು ಚಕ್ರಕ್ಕೆ ಸಿಲುಕಿ, ತಲೆಗೆ ಪೆಟ್ಟು ಬಿದ್ದು ತೀರಿಹೋದಳು. ಮನೆಯವರೊಂದಿಗೆ ಮೋಜಿಗೆಂದು ಹೋಗಿದ್ದವಳು. ಅದಕ್ಕೆ ಎರಡು ವರ್ಷ ಮೊದಲು, 2018ರ ಫೆಬ್ರವರಿಯಲ್ಲಿ ಹರ್ಯಾಣದ ಪಿಂಜೋರಿನ ಉದ್ಯಾನದಲ್ಲೂ ಒಬ್ಬ ಮಹಿಳೆ ಹೀಗೆಯೇ, ಕೂದಲು ಚಕ್ರಕ್ಕೆ ಸುತ್ತಿಕೊಂಡು ಪ್ರಾಣ ಬಿಟ್ಟರು. ಕಾರ್ಟ್‌ನ ಇಂಜಿನ್ ಮತ್ತು ಹಿಂದಿನ ಆ್ಯಕ್ಸಲ್ ಸೀಟಿಗೆ ಅಂಟಿಕೊಂಡಂತೆ ಇರುತ್ತವೆ. ಹೆಲ್ಮೆಟ್‌ನ ಕೆಳಗಿನಿಂದ ಇಳಿಬಿದ್ದ ಜಡೆ, ದುಪಟ್ಟಾ, ಶಾಲಿನ ತುದಿ, ಬುರ್ಖಾದ ಅಂಚು ಯಾವುದಾದರೂ ಸರಿ, ತಿರುಗುವ ಆ್ಯಕ್ಸಲ್‌ಗೆ ಸಿಕ್ಕಿದರೆ ಕ್ಷಣದಲ್ಲಿ ಎಳೆದುಕೊಳ್ಳುತ್ತದೆ. ನಮ್ಮ ಹೆಣ್ಣುಮಕ್ಕಳ ವಿಷಯಕ್ಕೆ ಇದು ನೇರವಾಗಿ ಬರುತ್ತದಾದ್ದರಿಂದ ಮೊದಲೇ ಹೇಳಿದೆವು.

ಕಾರ್ಟ್ ನೋಡಲು ಆಟಿಕೆಯ ಹಾಗಿದೆ. ನೆಲಕ್ಕೆ ತಾಗುವಷ್ಟು ತಗ್ಗು. ಅದಕ್ಕೆ ಮಾಡಿಲ್ಲ, ಮುಂದೆ ಗಾಜಿಲ್ಲ. ಸ್ಪರ್ಧೆಯ ಕಾರ್ಟ್‌ಗಳಲ್ಲಿ ಸೀಟ್ ಬೆಲ್ಟೂ ಇರುವುದಿಲ್ಲ. ಗುದ್ದಿದರೆ ತಲೆಗಿರುವ ರಕ್ಷಣೆ ಹೆಲ್ಮೆಟ್ ಒಂದೇ.

ಹೆಲ್ಮೆಟ್ ಕೆಲಸ ಮಾಡುವುದು ಹೇಗೆಂದು ತಿಳಿದರೆ ಉಳಿದದ್ದೆಲ್ಲ ಸುಲಭ. ಹೊರಗಿನ ಗಟ್ಟಿ ಚಿಪ್ಪು ಪೆಟ್ಟನ್ನು ಹರಡುತ್ತದೆ, ಚೂಪಾದ ವಸ್ತು ಒಳನುಗ್ಗದಂತೆ ತಡೆಯುತ್ತದೆ. ಅಸಲಿ ಕೆಲಸ ಒಳಗಿನ ಥರ್ಮಾಕೋಲಿನದ್ದು. ಬಟ್ಟೆಯ ಮೆತ್ತೆಯನ್ನು ಸರಿಸಿ ನೋಡಿದರೆ ಕಾಣುವ ಬಿಳಿ ಅಥವಾ ಕಪ್ಪು ಪದರ ಅದು. ತಲೆ ಹೋಗಿ ಬಡಿದಾಗ ಆ ಪದರ ತಾನು ಜಜ್ಜಿಕೊಂಡು ಪೆಟ್ಟಿನ ರಭಸವನ್ನು ನುಂಗುತ್ತದೆ. ಒಮ್ಮೆ ಜಜ್ಜಿದ ಥರ್ಮಾಕೋಲ್ ಮತ್ತೆ ಉಬ್ಬುವುದಿಲ್ಲ. ಹಾಗಾಗಿ ಒಂದು ದೊಡ್ಡ ಪೆಟ್ಟು ತಿಂದ ಹೆಲ್ಮೆಟ್ ಹೊರಗಿನಿಂದ ಹೊಳೆಯುತ್ತಿದ್ದರೂ ಒಳಗೆ ಸತ್ತಿರುತ್ತದೆ. ಬಳಸಿದ ಹೆಲ್ಮೆಟನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಳ್ಳಬೇಡಿ ಎನ್ನುವುದು ಇದಕ್ಕೇ. ಅದು ಎಲ್ಲೆಲ್ಲಿ ಬಿದ್ದಿದೆಯೋ ಮಾರುವವನೂ ಹೇಳುವುದಿಲ್ಲ. ರಸ್ತೆ ಬದಿಯಲ್ಲಿ ಇನ್ನೂರು-ಮುನ್ನೂರು ರೂಪಾಯಿಗೆ ಸಿಗುವ ಟೊಪ್ಪಿಯಂಥ ಅರ್ಧ ಹೆಲ್ಮೆಟ್‌ಗಳನ್ನು ಮಗುಚಿ ನೋಡಿ. ಹಲವದರಲ್ಲಿ ಈ ಪದರವೇ ಇರುವುದಿಲ್ಲ, ಪ್ಲಾಸ್ಟಿಕ್ಕಿಗೆ ನೇರವಾಗಿ ಸ್ಪಂಜು ಅಂಟಿಸಿರುತ್ತಾರೆ. ಅದು ಪೊಲೀಸರ ಕಣ್ಣಿಗೆ ಮಣ್ಣೆರಚಲು ಸಾಕಾದೀತು, ಅಷ್ಟೇ.

ಟ್ರ್ಯಾಕ್‌ನಲ್ಲಿ ಕೊಡುವ ಹೆಲ್ಮೆಟನ್ನು ಮಗುವಿನ ತಲೆಗೆ ಹಾಕುವ ಮೊದಲು ನೀವೇ ಕೈಯಲ್ಲಿ ಹಿಡಿದು ಒಂದು ಸುತ್ತು ತಿರುಗಿಸಿ. ಕೂದಲೆಳೆಯ ಬಿರುಕಾದರೂ ಇದೆಯಾ? ಒಳಗೆ ಥರ್ಮಾಕೋಲಿನ ಮೇಲೆ ಬೆರಳಾಡಿಸಿದರೆ ಗುಂಡಿ ಬಿದ್ದ ಜಾಗ ಸಿಗುತ್ತದಾ? ಗಲ್ಲದ ಪಟ್ಟಿಯ ನೂಲು ಬಿಟ್ಟಿದೆಯಾ, ರಿವೆಟ್ ಅಲ್ಲಾಡುತ್ತಿದೆಯಾ? ಕ್ಲಿಪ್ ಹಾಕಿ ಜೋರಾಗಿ ಎಳೆದು ನೋಡಿ, ಬಿಟ್ಟುಕೊಂಡರೆ ಅದನ್ನು ವಾಪಸ್ ಕೊಡಿ. ಗ್ಲಾಸ್ ಗೀಚಿ ಮಂಜಾಗಿದ್ದರೆ ತಿರುವಿನಲ್ಲಿ ಎದುರಿನ ಕಾರ್ಟ್ ಕಾಣುವುದಿಲ್ಲ. ಇಷ್ಟಕ್ಕೆ ಎರಡು ನಿಮಿಷ ಸಾಕು. ಹಿಂದೆ ಕ್ಯೂನಲ್ಲಿ ನಿಂತವರು ಗೊಣಗಿದರೆ ಗೊಣಗಲಿ.

ಆಮೇಲೆ ಅಳತೆ. ಹೆಚ್ಚಿನವರು ಎಡವುವುದು ಇಲ್ಲೇ. ಹುಬ್ಬಿನ ಮೇಲೆ ಒಂದಿಂಚು ಬಿಟ್ಟು, ಕಿವಿಗಳ ಮೇಲಿಂದ ಹಾಯಿಸಿ, ತಲೆಯ ಹಿಂಭಾಗದ ಉಬ್ಬಿನ ಸುತ್ತ ದರ್ಜಿಯ ಟೇಪ್ ಹಿಡಿದರೆ ತಲೆಯ ಅಳತೆ ಸೆಂಟಿಮೀಟರಿನಲ್ಲಿ ಸಿಗುತ್ತದೆ. ಅದನ್ನು ಹೆಲ್ಮೆಟ್ ಕಂಪನಿಯ ಪಟ್ಟಿಯೊಂದಿಗೆ ಹೋಲಿಸಬೇಕು. ಒಂದು ಕಂಪನಿಯ ಮೀಡಿಯಂ ಇನ್ನೊಂದರ ಲಾರ್ಜ್ ಆಗಿರಬಹುದು. ಹೊಸ ಹೆಲ್ಮೆಟ್ ಹಾಕಿದಾಗ ಕೆನ್ನೆಗಳು ಸ್ವಲ್ಪ ಒತ್ತಿಕೊಳ್ಳಬೇಕು, ನೋವಾಗಬಾರದು. ಹೆಲ್ಮೆಟನ್ನು ಎರಡು ಕೈಯಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ತಿರುಗಿಸಿದರೆ ಕೆನ್ನೆಯ ಚರ್ಮವೂ ಜೊತೆಗೆ ಸರಿಯಬೇಕು. ಹೆಲ್ಮೆಟ್ ಮಾತ್ರ ತಿರುಗಿ ತಲೆ ಅಲ್ಲೇ ನಿಂತರೆ ದೊಡ್ಡದಾಯಿತು. ಕೊನೆಗೆ ಪಟ್ಟಿ ಬಿಗಿದು, ಹಿಂಭಾಗದ ಕೆಳಗಿನ ಅಂಚಿಗೆ ಕೈ ಹಾಕಿ ಮುಂದಕ್ಕೆ ಎತ್ತಿ ತಳ್ಳಿ ನೋಡಿ. ತಲೆಯಿಂದ ಉರುಳಿ ಬಂದರೆ ಆ ಹೆಲ್ಮೆಟ್ ಬಿದ್ದಾಗಲೂ ಹಾಗೆಯೇ ಉರುಳುತ್ತದೆ. ಅಂಗಡಿಯಲ್ಲಿ ಕೊಳ್ಳುವುದಾದರೆ ಹತ್ತು-ಹದಿನೈದು ನಿಮಿಷ ಹಾಕಿಕೊಂಡು ಕೂರಿ. ಹಣೆಯಲ್ಲಿ ಒಂದೇ ಕಡೆ ಒತ್ತಿ ಕೆಂಪಗಾದರೆ ಅದು ನಿಮ್ಮ ತಲೆಯ ಆಕಾರದ್ದಲ್ಲ, ಬೇರೆ ಕಂಪನಿಯದು ನೋಡಿ.

ನಮ್ಮ ಮನೆಗಳಲ್ಲಿ ಒಂದು ರೂಢಿ ಇದೆ. ಪೆರ್ನಾಲ್ ಬಟ್ಟೆಯನ್ನು ಒಂದು ಸೈಜ್ ದೊಡ್ಡದೇ ತೆಗೆಯುವುದು, ಮುಂದಿನ ವರ್ಷಕ್ಕೂ ಆಗಲಿ ಎಂದು. ಚಪ್ಪಲಿಗೂ ಅದೇ ಲೆಕ್ಕ. ಹೆಲ್ಮೆಟ್‌ಗೆ ಈ ಲೆಕ್ಕ ಹಾಕಬೇಡಿ. 2023ರ ಆಗಸ್ಟ್ 5ರಂದು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್‌ನಲ್ಲಿ ರಾಷ್ಟ್ರೀಯ ಬೈಕ್ ರೇಸಿನಲ್ಲಿ ಬಿದ್ದು ತೀರಿಹೋದ ಬೆಂಗಳೂರಿನ ಹುಡುಗನಿಗೆ ಹದಿಮೂರೇ ವರ್ಷ. ಬಿದ್ದಾಗ ಹೆಲ್ಮೆಟ್ ತಲೆಯಿಂದ ಕಳಚಿತ್ತು ಎಂದು ಆಗಿನ ವರದಿಗಳಲ್ಲಿ ಬಂದಿತ್ತು. ತರಬೇತಿ ಪಡೆದ, ಪ್ರಶಸ್ತಿ ಗೆದ್ದ ಹುಡುಗನ ವಿಷಯ ಇದು. ಬಾಡಿಗೆ ಕಾರ್ಟ್ ಹತ್ತುವ ನಮ್ಮ ಮಕ್ಕಳು ಮೊದಲ ಸಲ ಸ್ಟೇರಿಂಗ್ ಹಿಡಿಯುವವರು.

ಮಗ ನಿಜವಾಗಿಯೂ ಕಾರ್ಟಿಂಗ್ ಕಲಿಯುತ್ತೇನೆ ಎಂದು ಕುಳಿತರೆ ಬೆಂಗಳೂರಿನ ಹೆಣ್ಣೂರು ಕಡೆಯ ಮೆಕೋ ಕಾರ್ಟೋಪಿಯಾದಂಥ ಟ್ರ್ಯಾಕ್‌ಗೆ ಹೋಗಬೇಕಾಗುತ್ತದೆ. ರಾಷ್ಟ್ರೀಯ ಕಾರ್ಟಿಂಗ್ ಸ್ಪರ್ಧೆಯ ಸುತ್ತುಗಳು ಅಲ್ಲಿ ನಡೆದಿವೆ. ಸ್ಪರ್ಧೆಗೆ ಬೈಕಿನ ಹೆಲ್ಮೆಟ್ ನಡೆಯುತ್ತದೆ ಎಂದುಕೊಳ್ಳದೆ, ಯಾವ ಗುರುತಿನದು ಬೇಕೆಂದು ಸಂಘಟಕರ ನಿಯಮ ಪುಸ್ತಕದಲ್ಲಿ ಮೊದಲು ನೋಡಿ. ಆಮೇಲೆ ದುಡ್ಡು ಬಿಚ್ಚಿ, ಏಕೆಂದರೆ ಬೆಲೆ ಹತ್ತಾರು ಸಾವಿರಕ್ಕೆ ಹೋಗುತ್ತದೆ. ಅಮೆರಿಕದಲ್ಲಿ 1956ರಲ್ಲಿ ಪೀಟ್ ಸ್ನೆಲ್ ಎಂಬ ರೇಸರ್ ಹೆಲ್ಮೆಟ್ ಹಾಕಿದ್ದರೂ ತಲೆಗೆ ಪೆಟ್ಟಾಗಿ ಸತ್ತ. ಮರುವರ್ಷ ಅವನ ಸ್ನೇಹಿತರು ಸೇರಿ ಹೆಲ್ಮೆಟ್ ಪರೀಕ್ಷಿಸುವ ಸಂಸ್ಥೆ ಕಟ್ಟಿದರು. ಆ ಸಂಸ್ಥೆಯ 'ಸ್ನೆಲ್' ಚೀಟಿ ಹೆಲ್ಮೆಟ್‌ನ ಒಳಗೆ ಅಂಟಿರುತ್ತದೆ. ಚೀಟಿಯಲ್ಲಿ 'ಕೆ' ಎಂದಿದ್ದರೆ ಕಾರ್ಟಿಂಗ್‌ನದು, 'ಎಸ್‌ಎ' ಎಂದರೆ ಬೆಂಕಿ ತಡೆಯುವ ಒಳಬಟ್ಟೆಯಿರುವ ಕಾರ್ ರೇಸಿನದು, 'ಎಂ' ಎಂದರೆ ಮೋಟಾರ್ ಸೈಕಲ್ಲಿನದು. 'ಸಿಎಂಆರ್' ಎಂಬುದು ಮಕ್ಕಳಿಗೆಂದೇ ಹಗುರವಾಗಿ ಮಾಡಿದ್ದು. ಎಳೆಯ ಕುತ್ತಿಗೆಗೆ ಭಾರದ ಹೆಲ್ಮೆಟ್ ಹೊರಿಸಿದರೆ ಗುದ್ದಿದಾಗ ಆ ಭಾರವೇ ಕುತ್ತಿಗೆಯನ್ನು ಎಳೆಯುತ್ತದೆ.

ಇನ್ನು ಟೋಪಿ ಮತ್ತು ಹಿಜಾಬ್. ದಪ್ಪ ಕಸೂತಿಯ, ಗಟ್ಟಿ ಅಂಚಿನ ಟೋಪಿಯ ಮೇಲೆ ಹೆಲ್ಮೆಟ್ ಹಾಕಿದರೆ ಅದು ಮೇಲೆಯೇ ಕೂರುತ್ತದೆ, ಹಣೆ ಬಯಲಾಗುತ್ತದೆ. ಟೋಪಿ ಮಡಚಿ ಜೇಬಿಗಿಡಿ, ಇಳಿದ ಮೇಲೆ ಹಾಕಿಕೊಳ್ಳಿ. ತೆಳುವಾದ ಬಟ್ಟೆಯ ಟೋಪಿಯಾದರೆ ತೊಂದರೆಯಿಲ್ಲ, ಆದರೆ ಅಳತೆ ನೋಡುವಾಗಲೇ ಅದನ್ನು ಹಾಕಿಕೊಂಡು ನೋಡಿ. ಪೇಟ ಧರಿಸುವ ಸಿಖ್ಖರಿಗೆ ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ನಿನಲ್ಲಿ ವಿನಾಯಿತಿ ಇದೆ, ಟೋಪಿಗೆ ಇಲ್ಲ. ಹೆಣ್ಣುಮಕ್ಕಳು ಹೆಲ್ಮೆಟ್‌ನ ಒಳಗೆ ಪಿನ್ ಹಾಕಲೇಬಾರದು, ಪೆಟ್ಟು ಬಿದ್ದರೆ ಪಿನ್ ಎಲ್ಲಿಗೆ ನುಗ್ಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ತಲೆಗೆ ಅಂಟಿಕೊಳ್ಳುವ ತೆಳು ಒಳಟೋಪಿ ಹಾಕಿ, ಕೂದಲನ್ನು ತುರುಬು ಕಟ್ಟದೆ ಕುತ್ತಿಗೆಯ ಹತ್ತಿರ ತಗ್ಗಾಗಿ ಹೆಣೆದು ಬಟ್ಟೆಯ ಒಳಗೆ ಸೇರಿಸಿದರೆ ಹೆಲ್ಮೆಟ್ ಸರಿಯಾಗಿ ಕೂರುತ್ತದೆ. ಎತ್ತರದ ತುರುಬಿನ ಮೇಲೆ ಯಾವ ಸೈಜಿನ ಹೆಲ್ಮೆಟೂ ಕೂರದು. ಹಿಜಾಬಿನ ತುದಿಗಳನ್ನು ಅಂಗಿಯ ಒಳಗೆ ಸಿಕ್ಕಿಸಬೇಕು. ಕಾರ್ಟ್ ಹತ್ತುವುದಾದರೆ ಬುರ್ಖಾದ ಅಗಲ ಸೆರಗು ಬೇಡ. ಪೂರ್ತಿ ಮೈ ಮುಚ್ಚುವ, ಬಿಗಿ ತೋಳಿನ ಬಟ್ಟೆ ಹಾಕಿದರೆ ಮರ್ಯಾದೆಯೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ. ಅದು ಆಗದಿದ್ದರೆ ಹೊರಗೆ ನಿಂತು ನೋಡುವುದೇ ಒಳ್ಳೆಯದು.

ಹೈದರಾಬಾದಿಗೆ ವರ್ಷಕ್ಕೊಮ್ಮೆ ಹೋಗುತ್ತೇವೆ. ಬೈಕ್ ಹತ್ತುವುದು ದಿನಾ. ಟ್ರ್ಯಾಕ್‌ನಲ್ಲಿ ಹೆಲ್ಮೆಟ್ ಇಲ್ಲದೆ ಒಳಗೆ ಬಿಡುವುದಿಲ್ಲ ಎಂದರೆ ತಲೆ ಬಗ್ಗಿಸಿ ಹಾಕಿಕೊಳ್ಳುವ ಹುಡುಗನೇ ಊರಿಗೆ ಬಂದ ಮೇಲೆ ಅದನ್ನು ಮೊಣಕೈಗೆ ನೇತುಹಾಕಿಕೊಂಡು ಓಡಾಡುತ್ತಾನೆ. ಜೇವರ್ಗಿಯಿಂದ ಶಹಾಪುರ ದಾಟಿ ಸುರಪುರ ತಾಲೂಕಿನ ತಿಂಥಣಿ ಸೇತುವೆಯ ಕಡೆ ಹೋಗುವ ರಸ್ತೆಯಲ್ಲಿ ಲಾರಿಗಳ ಸಾಲು ಹೇಗಿರುತ್ತದೆ ಎಂದು ಇಲ್ಲಿಯವರಿಗೆ ಗೊತ್ತು. ಹತ್ತಿ ಬಿಡಿಸುವ ಕಾಲದಲ್ಲಿ, ಭತ್ತದ ಸುಗ್ಗಿಯಲ್ಲಿ ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳು ಸಂಜೆಗತ್ತಲಲ್ಲಿ ರಸ್ತೆಯ ಮಧ್ಯವೇ ಹೋಗುತ್ತಿರುತ್ತವೆ. ತಲೆಗೆ ಪೆಟ್ಟು ಬಿದ್ದವರನ್ನು ಇಲ್ಲಿಂದ ಕಲಬುರಗಿಗೋ ರಾಯಚೂರಿಗೋ, ಅಲ್ಲೂ ಆಗದಿದ್ದರೆ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಒಯ್ಯಬೇಕು. ಆ ದಾರಿಯ ಹೊತ್ತೇ ಎಷ್ಟೋ ಜನರ ಪಾಲಿಗೆ ಕೊನೆಯ ಹೊತ್ತಾಗಿದೆ.

ಕೇಳಿದರೆ ಸಿಗುವ ಉತ್ತರಗಳು ಎರಡೇ. "ಇಲ್ಲೇ ಮಸೀದಿ ತನಕ ಹೋಗಿ ಬರ್ತೀನ್ರಿ ಉಸ್ತಾದ್ರೆ" ಎನ್ನುವುದು ಒಂದು. "ಈ ಬಿಸಲಾಗ ಹಾಕ್ಕೊಂಡ್ರ ತಲಿ ಕುದೀತದ್ರಿ" ಎನ್ನುವುದು ಇನ್ನೊಂದು. ಬಿಸಿಲಿನ ಮಾತು ಸುಳ್ಳಲ್ಲ, ಏಪ್ರಿಲ್-ಮೇಯಲ್ಲಿ ಇಲ್ಲಿ ಮಧ್ಯಾಹ್ನ ನೆಲವೇ ಸುಡುತ್ತದೆ. ಗಾಳಿ ಕಿಂಡಿಗಳಿರುವ, ಬಿಳಿ ಅಥವಾ ತಿಳಿ ಬಣ್ಣದ, ಒಳಮೆತ್ತೆ ಬಿಚ್ಚಿ ಒಗೆಯಲು ಬರುವ ಹೆಲ್ಮೆಟ್ ನೋಡಿ ಕೊಳ್ಳಿ. ಒಳಗೆ ತೆಳುವಾದ ಹತ್ತಿಯ ಬಟ್ಟೆ ಕಟ್ಟಿದರೆ ಬೆವರು ಹೀರಿಕೊಳ್ಳುತ್ತದೆ. 'ಹತ್ತಿರದ ದಾರಿ' ಎನ್ನುವವರಿಗೆ ಉತ್ತರ ಬೇರೆ. ಲಾರೆನ್ಸ್ ಆಫ್ ಅರೇಬಿಯಾ ಎಂದು ಹೆಸರಾದ ಟಿ.ಇ. ಲಾರೆನ್ಸ್ (ಉಸ್ಮಾನಿಯರ ವಿರುದ್ಧ ಅರಬರನ್ನು ಎತ್ತಿಕಟ್ಟಿದವನೆಂದು ನಮ್ಮವರಿಗೆ ಆತನ ಮೇಲೆ ಅಷ್ಟೇನೂ ಪ್ರೀತಿಯಿಲ್ಲ, ಇರಲಿ) ಯುದ್ಧಗಳನ್ನೆಲ್ಲ ದಾಟಿ ಬಂದು, 1935ರಲ್ಲಿ ತನ್ನ ಮನೆಯ ಹತ್ತಿರದ ರಸ್ತೆಯಲ್ಲೇ ಸೈಕಲ್ಲಿನ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಬೈಕಿನಿಂದ ಬಿದ್ದ. ತಲೆಗೆ ಏನೂ ಇರಲಿಲ್ಲ. ಆರು ದಿನ ಪ್ರಜ್ಞೆಯಿಲ್ಲದೆ ಮಲಗಿ ಮೇ 19ರಂದು ಸತ್ತ. ಅವನನ್ನು ನೋಡಿದ ವೈದ್ಯರಲ್ಲಿ ಒಬ್ಬರಾದ ಹ್ಯೂ ಕೇರ್ನ್ಸ್ ಆಮೇಲೆ ಸೇನೆಯ ಬೈಕ್ ಸವಾರರ ತಲೆಪೆಟ್ಟುಗಳನ್ನು ಅಭ್ಯಾಸ ಮಾಡಿ 1941ರಲ್ಲಿ ಬರೆದರು. ಹೆಲ್ಮೆಟ್ ಜೀವ ಉಳಿಸುತ್ತದೆ ಎಂದು ವೈದ್ಯ ಲೋಕ ಗಂಭೀರವಾಗಿ ಮಾತಾಡತೊಡಗಿದ್ದು ಅಲ್ಲಿಂದ. ಅಜಲ್ ಬಂದರೆ ಹೆಲ್ಮೆಟ್ ತಡೆಯುತ್ತದಾ ಎಂದು ವಾದ ಮಾಡುವವರೂ ಇದ್ದಾರೆ. ಒಂಟೆ ಕಟ್ಟಿದ ಮೇಲೆ ತವಕ್ಕುಲ್ ಎಂಬ ಪಾಠವನ್ನು ಮದ್ರಸದ ಮೂರನೇ ತರಗತಿಯ ಮಕ್ಕಳೇ ಅವರಿಗೆ ಹೇಳಿಕೊಟ್ಟಾರು.

ರಸ್ತೆಯ ಹೆಲ್ಮೆಟ್‌ಗೆ ಐಎಸ್ಐ ಗುರುತು ಬೇಕು. 2021ರ ಜೂನ್ 1ರಿಂದ ಆ ಗುರುತಿಲ್ಲದ ಬೈಕ್ ಹೆಲ್ಮೆಟ್ ಮಾರುವಂತೆಯೇ ಇಲ್ಲ. ಗುರುತಿನ ಮೇಲೆ ಐಎಸ್ 4151 ಎಂದೂ, ಕೆಳಗೆ ಇಂಗ್ಲಿಷಿನಲ್ಲಿ ಸಿಎಂ/ಎಲ್ ಎಂದು ಆರಂಭವಾಗುವ ಲೈಸೆನ್ಸ್ ಸಂಖ್ಯೆಯೂ ಇರುತ್ತದೆ. ಬರೀ ಗುರುತು ನೋಡಿ ನಂಬಬೇಡಿ, ಸ್ಟಿಕರ್ ಅಚ್ಚು ಹಾಕುವುದು ಕಷ್ಟದ ಕೆಲಸವಲ್ಲ. ಫೋನಿನಲ್ಲಿ 'ಬಿಐಎಸ್ ಕೇರ್' ಆ್ಯಪ್ ತೆರೆದು ಆ ಸಂಖ್ಯೆ ಹಾಕಿದರೆ ಯಾವ ಕಂಪನಿ, ಯಾವ ವಸ್ತುವಿನ ಲೈಸೆನ್ಸ್, ಚಾಲ್ತಿಯಲ್ಲಿದೆಯಾ ಎಂಬುದು ಬರುತ್ತದೆ. ಕಂಪನಿ ಹೆಸರು ತಾಳೆಯಾಗದಿದ್ದರೆ ಅಂಗಡಿಯಿಂದ ಹೊರಗೆ ಬನ್ನಿ. ಕ್ರಿಕೆಟ್ ಹೆಲ್ಮೆಟ್, ಕಟ್ಟಡ ಕೆಲಸದ ಹೆಲ್ಮೆಟ್ ಹಾಕಿ ಬೈಕ್ ಓಡಿಸುವವರನ್ನೂ ಕಾಣುತ್ತೇವೆ, ಅವೆರಡನ್ನೂ ಬೇರೆ ಪೆಟ್ಟಿಗೆಂದು ಮಾಡಿರುವುದು.

ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯ. ನಾಲ್ಕು ವರ್ಷ ದಾಟಿದ ಮಗುವಿಗೂ ಬೇಕು. ಅದಕ್ಕಿಂತ ಚಿಕ್ಕ ಮಕ್ಕಳ ವಿಷಯದಲ್ಲಿ 2023ರ ಫೆಬ್ರವರಿಯಿಂದ ಜಾರಿಯಾದ ನಿಯಮದಂತೆ ಸವಾರನಿಗೆ ಬಿಗಿಯುವ ಬೆಲ್ಟ್ ಬೇಕು, ಒಂಬತ್ತು ತಿಂಗಳು ದಾಟಿದ್ದರೆ ಹೆಲ್ಮೆಟೂ ಬೇಕು, ವೇಗ 40 ಕಿ.ಮೀ. ಮೀರಬಾರದು. ಬೆಳಗ್ಗೆ ಮದ್ರಸಕ್ಕೆ ಮಕ್ಕಳನ್ನು ಬಿಡಲು ಬರುವ ಬೈಕ್‌ಗಳನ್ನು ಗೇಟಿನಲ್ಲಿ ನಿಂತು ನೋಡುತ್ತೇವೆ. ಬಾಪನ ತಲೆಯ ಮೇಲೆ ಹೆಲ್ಮೆಟ್ ಇರುತ್ತದೆ, ಟ್ಯಾಂಕಿನ ಮೇಲೆ ಒಂದು, ಹಿಂದೆ ಎರಡು ಕೂತ ಮಕ್ಕಳ ತಲೆ ಬಯಲು. ದಂಡ ಐನೂರು ರೂಪಾಯಿ ಎಂದು ಲೆಕ್ಕ ಹಾಕಿ ಒಂದೇ ಹೆಲ್ಮೆಟ್ ಕೊಂಡ ಮನೆಗಳಿವು. ಮಗುವಿನ ಅಳತೆಯ ಒಳ್ಳೆಯ ಹೆಲ್ಮೆಟ್ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಕುತುಬ್ ಬೀಳ್ಕೊಡುಗೆಗೆ, ಸುನ್ನತ್ ಸಮಾರಂಭಕ್ಕೆ, ಪರೀಕ್ಷೆ ಪಾಸಾದದ್ದಕ್ಕೆ ಮಕ್ಕಳಿಗೆ ಏನೇನೋ ಉಡುಗೊರೆ ಕೊಡುತ್ತೇವೆ. ಇದನ್ನೂ ಕೊಡಬಹುದು, ಮೂರು ಮಕ್ಕಳಿದ್ದರೆ ಒಂದು ಬೈಕಿನಲ್ಲಿ ಎಲ್ಲರನ್ನೂ ತುಂಬುವುದನ್ನೂ ಬಿಡಬಹುದು.

ಕೊಂಡ ಮೇಲೆ ಸೋಪಿನ ನೀರಿನಲ್ಲಿ ಮಾತ್ರ ಒರೆಸಿ. ಪೆಟ್ರೋಲ್, ಥಿನ್ನರ್ ಹಾಕಿ ಉಜ್ಜಿದರೆ, ಬೇರೆ ಪೇಂಟ್ ಹೊಡೆಸಿದರೆ ಚಿಪ್ಪು ಬಲ ಕಳೆದುಕೊಳ್ಳುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಬೈಕಿನ ಕನ್ನಡಿಗೆ ನೇತುಹಾಕಿ ಬಿಡಬೇಡಿ, ಕನ್ನಡಿಯ ತುದಿಯೂ ಒಳಗಿನ ಥರ್ಮಾಕೋಲನ್ನು ಗುಂಡಿ ಮಾಡುತ್ತದೆ. ಬೀಳದಿದ್ದರೂ ಐದು ವರ್ಷಕ್ಕೆ ಬದಲಿಸುವುದು ಒಳ್ಳೆಯದು. ಹಳೆಯದನ್ನು ಗುಜರಿಗೆ ಹಾಕುವ ಮೊದಲು ಕತ್ತರಿಯಿಂದ ಅದರ ಗಲ್ಲದ ಪಟ್ಟಿ ಕತ್ತರಿಸಿಬಿಡಿ. ಇಲ್ಲದಿದ್ದರೆ ಯಾರೋ ಬಡವನ ಮಗ ಅದನ್ನು ಎತ್ತಿಕೊಂಡು ತಲೆಗೆ ಹಾಕಿಕೊಳ್ಳುತ್ತಾನೆ.