ಶೇಂಗಾ ಅಲರ್ಜಿ ಇದ್ದರೆ, ಶೇಂಗಾದ ಜಾಗಕ್ಕೆ ಏನು ಹಾಕೋದು?

ಪುಣೆಯಲ್ಲಿ ಶೇಂಗಾ ಇಲ್ಲದ ಊಟ ಹುಡುಕೋದು ಎಷ್ಟು ಕಷ್ಟ ಅಂತ ಇಲ್ಲಿರೋರಿಗೆ ನಾನು ಹೇಳಬೇಕಾಗಿಲ್ಲ. ಬೆಳಿಗ್ಗೆ ಸಾಬುದಾಣಾ ಖಿಚಡಿ, ಮಧ್ಯಾಹ್ನ ಭರಲಿ ವಾಂಗಿ, ಸಂಜೆ ಭಡಂಗ್, ಎಲ್ಲದರಲ್ಲೂ ಅದೇ. ನನಗೆ ಶೇಂಗಾ ಅಲರ್ಜಿ. ಸಾಲದ್ದಕ್ಕೆ ಊರು ವಿಜಯಪುರ. ರೊಟ್ಟಿ ಪಕ್ಕದಲ್ಲಿ ಶೇಂಗಾ ಹಿಂಡಿ ಇಲ್ಲದಿದ್ದರೆ ನಮ್ಮ ಕಡೆ ಊಟ ಬಡಿಸಿದ ಹಾಗೇ ಆಗಲ್ಲ.

ಮೊದಲು ಒಂದು ಮಾತು. ಶೇಂಗಾ ತಿಂದರೆ ಪಿತ್ತ ಆಗೋದು ಬೇರೆ, ಅಲರ್ಜಿ ಬೇರೆ. ಅಲರ್ಜಿ ತಜ್ಞರ ಹತ್ತಿರ ಪರೀಕ್ಷೆ ಮಾಡಿಸಿಕೊಳ್ಳಿ. ತುಟಿ, ಮುಖ ಊದಿ ಉಸಿರಾಟಕ್ಕೆ ತೊಂದರೆ ಆದರೆ ಮನೆಮದ್ದು ಮಾಡ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಇನ್ನು ಬದಲಿ ವಿಷಯ. "ಶೇಂಗಾ ಬದಲು ಗೋಡಂಬಿ ಹಾಕಿ" ಅಂತ ಎಲ್ಲರೂ ಹೇಳ್ತಾರೆ. ಶೇಂಗಾ ಅಲರ್ಜಿ ಇರೋ ಕೆಲವರಿಗೆ ಗೋಡಂಬಿ, ಬಾದಾಮಿಯೂ ಆಗಲ್ಲ. ಡಾಕ್ಟರು ಹೂಂ ಅನ್ನದೆ ಅದನ್ನ ಮುಟ್ಟಬೇಡಿ. ನಾನು ಕೇಳಿಕೊಳ್ಳೋ ಪ್ರಶ್ನೆ ಬೇರೆ: ಈ ಅಡುಗೆಯಲ್ಲಿ ಶೇಂಗಾ ಯಾವ ಕೆಲಸ ಮಾಡ್ತಿದೆ? ಕೋಡ್‌ನಲ್ಲಿ ಒಂದು ಲೈಬ್ರರಿ ತೆಗೆಯೋ ಮುಂಚೆ ಅದು ಎಲ್ಲೆಲ್ಲಿ ಏನು ಮಾಡ್ತಿದೆ ಅಂತ ನೋಡ್ತೀವಲ್ಲ, ಹಾಗೆ.

ಚಿತ್ರಾನ್ನ, ಅವಲಕ್ಕಿಯಲ್ಲಿ ಅದರ ಕೆಲಸ ಕುರುಕಲು ಅಷ್ಟೆ. ಕಡಲೆಬೇಳೆ ಸ್ವಲ್ಪ ಜಾಸ್ತಿ ಹುರಿದು ಹಾಕಿದರೆ ಮುಗೀತು. ಆದರೆ ಎಣ್ಣೆಗಾಯಿ, ಭರಲಿ ವಾಂಗಿಯಲ್ಲಿ ಗ್ರೇವಿಗೆ ಮಂದ ಮತ್ತು ಜಿಡ್ಡು ಎರಡನ್ನೂ ಅದೇ ಕೊಡುತ್ತೆ. ಶೇಂಗಾದಲ್ಲಿ ಸುಮಾರು ಅರ್ಧದಷ್ಟು ಕೊಬ್ಬು, ಕಾಲು ಭಾಗ ಪ್ರೋಟೀನ್. ಹುರಿಗಡಲೆಯಲ್ಲಿ ಪ್ರೋಟೀನ್ ಚೆನ್ನಾಗಿದೆ, ಕೊಬ್ಬು ಬಹಳ ಕಡಿಮೆ. ಅದೊಂದನ್ನೇ ಪುಡಿ ಮಾಡಿ ಹಾಕಿದರೆ ಗ್ರೇವಿ ಹಿಟ್ಟು ಹಿಟ್ಟಾಗುತ್ತೆ. ಹುರಿದ ಗುರೆಳ್ಳು, ಒಣಕೊಬ್ಬರಿ ಸೇರಿಸಿ ರುಬ್ಬಿದರೆ ಎಣ್ಣೆ ತಾನೇ ಬಿಡುತ್ತೆ, ಬಣ್ಣ ಮಾತ್ರ ಕಪ್ಪು.

ಸಾಬುದಾಣಾ ಖಿಚಡಿಯಲ್ಲಿ ಪುಡಿ ತೇವ ಹೀರಿ ಕಾಳುಗಳು ಅಂಟದ ಹಾಗೆ ನೋಡಿಕೊಳ್ಳುತ್ತೆ. ಸಾಬುದಾಣಾ ಅಂದರೆ ಬರೀ ಪಿಷ್ಟ, ಹಾಗಾಗಿ ಅದರಲ್ಲಿ ಪ್ರೋಟೀನ್ ಬರೋದೂ ಶೇಂಗಾದಿಂದಲೇ. ನಾನು ಹುರಿದ ಕುಂಬಳಬೀಜವನ್ನ ತರಿತರಿಯಾಗಿ ಪುಡಿ ಮಾಡಿ ಹಾಕ್ತೀನಿ. ದುಬಾರಿ ನಿಜ, ಆದರೆ ಪ್ರೋಟೀನ್‌ನಲ್ಲಿ ಶೇಂಗಾಕ್ಕೆ ಕಡಿಮೆ ಇಲ್ಲ.

ಹಿಂಡಿಗೆ ಹೊಸದೇನೂ ಹುಡುಕಬೇಕಿಲ್ಲ, ನಮ್ಮ ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಇದ್ದೇ ಇವೆ. ಪುಣೆ ಅಂಗಡಿಯಲ್ಲಿ ಗುರೆಳ್ಳಿಗೆ ಕಾರಳೆ, ಅಗಸಿಗೆ ಜವಸ್ ಅಂತ ಕೇಳಿ. ಅಗಸಿಯಲ್ಲಿ ಒಮೆಗಾ-3 ಹೇರಳ, ಆದರೆ ಪುಡಿ ಮಾಡಿದ ಮೇಲೆ ಬೇಗ ಕನರುತ್ತೆ. ವಾರಕ್ಕಾಗುವಷ್ಟೇ ಮಾಡಿ ಫ್ರಿಜ್‌ನಲ್ಲಿಡಿ. ಎಳ್ಳೂ ರುಚಿನೇ, ಆದರೆ ಅದೂ ಹಲವರಿಗೆ ಅಲರ್ಜಿ ಕೊಡೋ ಪದಾರ್ಥ. ಶೇಂಗಾ ದ್ವಿದಳ ಧಾನ್ಯದ ಜಾತಿಗೆ ಸೇರಿದ್ದು. ಹೆಚ್ಚಿನವರಿಗೆ ತೊಗರಿ, ಕಡಲೆ ತೊಂದರೆ ಕೊಡಲ್ಲ, ಕೆಲವರಿಗೆ ಕೊಡುತ್ತೆ. ಅದನ್ನೂ ಕೇಳಿ ತಿಳಿದುಕೊಳ್ಳಿ.

ನಮ್ಮಂಥ ಹೊರನಾಡಿನವರಿಗೆ ನಿಜವಾದ ಅಪಾಯ ಭಾಷೆಯಲ್ಲಿದೆ. ಚೆನ್ನೈನಲ್ಲಿ "ಕಡಲೈ" ಅಂದ ಕೂಡಲೇ ನಮ್ಮ ಕಡಲೆ ಅಂತ ನಂಬಬೇಡಿ. ಕಡಲೈ ಮಿಠಾಯಿ, ಕಡಲೈ ಎಣ್ಣೈ ಎರಡೂ ಶೇಂಗಾದವು. ಕಡಲೈ ಮಾವು ಮಾತ್ರ ಕಡಲೆಹಿಟ್ಟು, ಪೊಟ್ಟುಕಡಲೈ ಹುರಿಗಡಲೆ! ಹೈದರಾಬಾದ್‌ನಲ್ಲಿ ಪಲ್ಲಿ ಅಂದರೆ ಶೇಂಗಾ, ಪುಟ್ನಾಲು ಅಂದರೆ ಹುರಿಗಡಲೆ. ಅಲ್ಲಿ ಇಡ್ಲಿ ಚಟ್ನಿ ಬಿಳಿ ಇದೆ ಅಂತ ಕಾಯಿಚಟ್ನಿ ಅಂದುಕೊಳ್ಳಬೇಡಿ, ಮಿರ್ಚಿ ಕಾ ಸಾಲನ್‌ನಲ್ಲೂ ಶೇಂಗಾ ಇರುತ್ತೆ. ಪುಣೆಯಲ್ಲಿ "ಶೇಂಗದಾಣೆ ಆಹೇತ್ ಕಾ?" ಅಂತ ಕೇಳಿದರೆ ಕಾಳು ಕಾಣದ್ದಕ್ಕೆ ಇಲ್ಲ ಅಂದುಬಿಡ್ತಾರೆ. "ದಾಣ್ಯಾಚಂ ಕೂಟ್ ಘಾತಲಂಯ್ ಕಾ?" ಅಂತ ಪುಡಿಯನ್ನೇ ಹೆಸರಿಸಿ ಕೇಳಿ.

ಪ್ಯಾಕೆಟ್ ಮೇಲೆ ಶೇಂಗಾ ಇದ್ದರೆ ನಮೂದಿಸಬೇಕು ಅಂತ ಎಫ್‌ಎಸ್‌ಎಸ್‌ಎಐನ 2020ರ ಲೇಬಲಿಂಗ್ ನಿಯಮ ಇದೆ. ಬಿಡಿಯಾಗಿ ತೂಗಿ ಕೊಡೋ ಫರಸಾಣಕ್ಕೆ ಲೇಬಲ್ ಎಲ್ಲಿಂದ ಬರಬೇಕು? ಗಾಣದ ಶೇಂಗಾ ಎಣ್ಣೆಯಲ್ಲಿ ಅಲರ್ಜಿ ಕೊಡೋ ಪ್ರೋಟೀನ್ ಉಳಿದಿರುತ್ತೆ, ಹಾಗಾಗಿ ಆರೋಗ್ಯಕ್ಕೆ ಒಳ್ಳೇದು ಅಂತ ಯಾರಾದರೂ ಕೊಟ್ಟರೂ ಬೇಡ ಅನ್ನಿ. ಪಿಜಿಯಲ್ಲೋ ರೂಮ್‌ಮೇಟ್‌ಗಳ ಜೊತೆಗೋ ಇರೋರು ಚಟ್ನಿಪುಡಿಗೆ ಒಂದು ಸಣ್ಣ ಮಿಕ್ಸಿ ಜಾರ್ ಬೇರೆಯೇ ತಗೊಳ್ಳಿ, ಮುಚ್ಚಳದ ಮೇಲೆ ಹೆಸರು ಬರೆದಿಡಿ.