ಎಂಜಿನ್ ಬಡಿದಾಗ ಬೈಯುವ ಮೊದಲು ಅಳೆಯೋಣ

ಹಳೇಬೀಡಿಗೆ ಪ್ರವಾಸಿಗರನ್ನು ಕರೆತರುವ ಟ್ಯಾಕ್ಸಿ ಎಂದರೆ ಒಂದು ಕಾಲಕ್ಕೆ ಅಂಬಾಸಿಡರ್. 2014ರಲ್ಲಿ ಅದರ ತಯಾರಿ ನಿಂತಿತು. ಆದರೂ ಕೆಲವು ಮನೆಗಳ ಶೆಡ್ಡಿನಲ್ಲಿ ‘ಉಪ್ಪನ ಕಾರು’ ಇನ್ನೂ ಇದೆ. ನಮ್ಮ ಪರಿಚಯದ ಒಂದು ಬ್ಯಾರಿ ಮನೆಯವರು ಉಪ್ಪ ತೀರಿಕೊಂಡ ಮೇಲೂ ಅದನ್ನು ಮಾರಲಿಲ್ಲ. ತಂಗಿಯ ನಿಕಾಹಿಗೆ ಇದೇ ಕಾರಲ್ಲಿ ಮಂಗಳೂರಿಗೆ ಹೋಗಬೇಕು ಅಂತ ಎಂಜಿನ್ ಬಿಚ್ಚಿಸಿ, ಬೋರಿಂಗ್ ಮಾಡಿಸಿ, ಹೊಸ ಪಿಸ್ಟನ್ ಹಾಕಿಸಿದರು.

ಊರಲ್ಲಿ ಓಡುವಾಗ ಕಾರು ಚೆನ್ನಾಗಿಯೇ ಇತ್ತು. ನಿಕಾಹ್ ಮುಗಿಸಿ ಬರುವಾಗ ಉಜಿರೆ ದಾಟಿ ಚಾರ್ಮಾಡಿ ಘಾಟಿ ಹತ್ತತೊಡಗಿದರೆ ಎಂಜಿನ್ ಒಳಗಿಂದ ಟಣಟಣ ಬಡಿತ. ಮನೆ ತಲುಪುವ ಮೊದಲೇ ತೀರ್ಪು ಆಗಿಹೋಯಿತು: ಮೆಕ್ಯಾನಿಕ್ ಕೆಲಸ ಕೆಡಿಸಿದ್ದಾನೆ, ದುಡ್ಡು ತಿಂದಿದ್ದಾನೆ. ಜುಮಾ ಮುಗಿದ ಮೇಲೆ ಮಸೀದಿ ಅಂಗಳದಲ್ಲೂ ಅದೇ ಮಾತು. ಸುಳ್ಳು ಯಾಕೆ ಹೇಳೋಣ, ನಾವೂ ತಲೆಯಾಡಿಸಿದೆವು.

ಮರುದಿನ ಆ ಮೆಕ್ಯಾನಿಕ್ ಕಾಕ ನಮ್ಮ ಹತ್ತಿರ ಬಂದರು. “ಉಸ್ತಾದರೇ, ತಪ್ಪು ನನ್ನದಾದ್ರೆ ದುಡ್ಡು ವಾಪಸ್ ಕೊಡ್ತೀನಿ. ಆದ್ರೆ ಹೆಡ್ ಬಿಚ್ಚಿ ಕಂಪ್ರೆಶನ್ ರೇಶಿಯೋ ಅಳೆದು ನೋಡೋಣ. ನೀವು ಲೆಕ್ಕ ಬರ್ಕೊಳ್ಳಿ.”

ಇದೇನು ಲೆಕ್ಕ? ಪಿಸ್ಟನ್ ಕೆಳಗಿರುವಾಗ ಅದರ ಮೇಲಿನ ಜಾಗವೆಷ್ಟು, ಮೇಲೆ ಬಂದಾಗ ಉಳಿಯುವ ಜಾಗವೆಷ್ಟು ಎಂಬ ಅನುಪಾತ. ಗಾಳಿ ಪೆಟ್ರೋಲ್ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಎಂದು ಅದು ಹೇಳುತ್ತದೆ. ಅತಿಯಾಗಿ ಒತ್ತಿದರೆ ಪ್ಲಗ್ಗಿನ ಕಿಡಿಯಿಂದ ಹೊರಟ ಬೆಂಕಿ ತಲುಪುವ ಮೊದಲೇ ಮಿಶ್ರಣ ತಾನಾಗಿ ಸಿಡಿಯುತ್ತದೆ. ಆ ಬಡಿತವನ್ನು ಹಾಗೇ ಬಿಟ್ಟರೆ ಪಿಸ್ಟನ್ನೇ ತೂತಾಗಬಹುದು. ಎತ್ತರದ ಹಳೇಬೀಡಿಗಿಂತ ಘಾಟಿಯ ಬುಡದಲ್ಲಿ ಗಾಳಿ ದಟ್ಟ, ಸೆಕೆ ಜಾಸ್ತಿ, ಮೇಲಿಂದ ಏರಿನ ಭಾರ. ಊರಲ್ಲಿ ಕಾಣದ ದೋಷ ಅಲ್ಲಿ ಕಂಡದ್ದು ಅದಕ್ಕೆ.

ಈ 1489 ಸಿಸಿ ಎಂಜಿನ್ನಿನ ಮೂಲ ಬೋರ್ ಸುಮಾರು 73 ಮಿ.ಮೀ., ಸ್ಟ್ರೋಕ್ 88.9 ಮಿ.ಮೀ. ಬೋರಿಂಗ್ ಆದ ಮೇಲೆ ಬೋರ್ 74 ಆಗಿತ್ತು. ಸೆಂಟಿಮೀಟರಿನಲ್ಲಿ 7.4 x 7.4 x 0.7854 x 8.89 ಅಂದರೆ 382 ಸಿಸಿ. ಒಂದು ಸಿಲಿಂಡರಿನಲ್ಲಿ ಪಿಸ್ಟನ್ ಓಡುವ ಜಾಗ ಇಷ್ಟು.

ಉಳಿಯುವ ಜಾಗವನ್ನು ಮಾತ್ರ ಅಳೆದೇ ತಿಳಿಯಬೇಕು. ಕಾಕ ಹೆಡ್ಡನ್ನು ಮಗುಚಿಟ್ಟರು. ವಾಲ್ವ್, ಪ್ಲಗ್ ಅದರಲ್ಲೇ ಇದ್ದವು. ಗುಂಡಿಯ ಸುತ್ತ ಗ್ರೀಸ್ ಹಚ್ಚಿ, ಸಣ್ಣ ತೂತಿನ ಅಕ್ರಿಲಿಕ್ ಹಲಗೆ ಮುಚ್ಚಿ, ಮೆಡಿಕಲ್ ಅಂಗಡಿಯ ಸಿರಿಂಜಿನಿಂದ ಸೀಮೆಎಣ್ಣೆ ತುಂಬಿದರು. ಗಾಳಿಗುಳ್ಳೆ ಉಳಿಯದಂತೆ ತುಂಬಿದಾಗ 36 ಸಿಸಿ ಹಿಡಿಯಿತು. ಆಮೇಲೆ ಪಿಸ್ಟನ್ನನ್ನು ಪೂರ್ತಿ ಮೇಲೆ ತಂದು, ಅಂಚಿಗೆ ಗ್ರೀಸ್ ಮೆತ್ತಿ ಅದೇ ರೀತಿ ಅಳೆದರೆ 4 ಸಿಸಿ. ಒತ್ತಿದ ಗ್ಯಾಸ್ಕೆಟ್ಟಿನ ದಪ್ಪ ಮತ್ತು ಅದರ ತೂತಿನ ಅಗಲದ ಲೆಕ್ಕಕ್ಕೆ ಇನ್ನೊಂದು 4. ಒಟ್ಟು 44.

382ಕ್ಕೆ 44 ಕೂಡಿಸಿ, ಬಂದ 426ನ್ನು 44ರಿಂದ ಭಾಗಿಸಿದೆವು. 9.7! ಎಂಟರ ಆಸುಪಾಸಿನಲ್ಲಿ ಇರಬೇಕಾದ ಹಳೇ ಎಂಜಿನ್ನಿಗೆ, ಅದೂ ಬಂಕಿನ ಸಾಮಾನ್ಯ ಪೆಟ್ರೋಲಿಗೆ, ಇದು ತುಂಬಾ ಹೆಚ್ಚು. ನಾಲ್ಕೂ ಸಿಲಿಂಡರುಗಳಲ್ಲಿ ಹೆಚ್ಚುಕಮ್ಮಿ ಇದೇ ಕಥೆ.

ಕಾಕ ಮೂಲೆಯ ಗುಜರಿಯಿಂದ ಹಳೇ ಪಿಸ್ಟನ್ ತಂದು ಹೊಸದರ ಪಕ್ಕ ಇಟ್ಟರು. ಹಳೆಯದರ ತಲೆಯಲ್ಲಿ ಬಟ್ಟಲಿನಂಥ ಕುಳಿ. ಹೊಸದು ಚಪ್ಪಟೆ. ಕುಳಿಯಲ್ಲಿ 10 ಸಿಸಿ ಹಿಡಿಯಿತು. ಹೊಸ ಪಿಸ್ಟನ್ ತಂದದ್ದು ಯಾರು? ಮನೆಯ ಮಕ್ಕಳೇ, ಕಡಿಮೆ ರೇಟಿಗೆ ಸಿಕ್ಕಿತು ಅಂತ. “ನಾನೂ ಜೋಡಿಸುವ ಮೊದಲು ಹೋಲಿಸಿ ನೋಡ್ಬೇಕಿತ್ತು,” ಅಂದರು ಕಾಕ. ಹೆಡ್ ಕೂಡ ಹಿಂದೆಂದೋ ಫೇಸಿಂಗ್ ಆಗಿ ತೆಳುವಾಗಿತ್ತು.

ಕುಳಿಯಿರುವ ಪಿಸ್ಟನ್ ಹಾಕಿದರೆ ಉಳಿಯುವ ಜಾಗ 54, ಅನುಪಾತ 8.1. ಹಾಗೇ ಮಾಡಿದರು. ಈಗ ಘಾಟಿಯಲ್ಲೂ ಬಡಿತ ಇಲ್ಲ.

ಹಳೇ ಕಾರು ಕಟ್ಟಿಸುವವರಿಗೆ ಒಂದು ಮಾತು. ಪ್ಲಗ್ಗಿನ ತೂತಿಗೆ ಗೇಜ್ ಇಟ್ಟು ನೋಡುವ ಒತ್ತಡವೇ ರೇಶಿಯೋ ಅಲ್ಲ. ರಿಂಗ್, ವಾಲ್ವ್ ಸವೆದರೆ ಗೇಜ್ ಕಡಿಮೆ ತೋರಿಸುತ್ತದೆ, ರೇಶಿಯೋ ಇದ್ದಷ್ಟೇ ಇರುತ್ತದೆ. ಪುಸ್ತಕದ ಸಂಖ್ಯೆಯೂ ಸಾಲದು. ಬೋರಿಂಗ್, ಫೇಸಿಂಗ್, ಪಿಸ್ಟನ್, ಗ್ಯಾಸ್ಕೆಟ್ ಯಾವುದು ಬದಲಾದರೂ ಲೆಕ್ಕ ಬದಲಾಗುತ್ತದೆ. ಜೋಡಿಸುವ ಮೊದಲೇ ಅಳೆಯಬೇಕು.

ಅಳತೆಯಲ್ಲಿ ಮೋಸ ಮಾಡುವವರ ಬಗ್ಗೆ ಸೂರಃ ಅಲ್ ಮುತಫ್ಫಿಫೀನ್ ಎಚ್ಚರಿಸುತ್ತದೆ. ಗುಮಾನಿಯಿಂದ ದೂರವಿರಲು ಸೂರಃ ಅಲ್ ಹುಜುರಾತ್ ಹೇಳುತ್ತದೆ. ಎರಡನ್ನೂ ಮಕ್ಕಳಿಗೆ ಓದಿಸುವ ನಾವೇ, ಅಳೆಯದೆ ಒಬ್ಬ ಕೆಲಸಗಾರನ ಮೇಲೆ ಗುಮಾನಿ ಪಟ್ಟೆವು. ಮನೆಯವರು ಎರಡನೇ ಸಲದ ಕೂಲಿಯನ್ನೂ ಪೂರ್ತಿ ಕೊಟ್ಟು ಕ್ಷಮೆ ಕೇಳಿದರು. ಮಾತು ಹರಡಿದ್ದು ಮಸೀದಿ ಅಂಗಳದಲ್ಲಿ. ಹಾಗಾಗಿ ಮುಂದಿನ ಜುಮಾ ದಿನ ಅದೇ ಅಂಗಳದಲ್ಲಿ, ಎಲ್ಲರ ಎದುರು, ನಾವೂ ಕಾಕನ ಕೈ ಹಿಡಿದು ಕ್ಷಮೆ ಕೇಳಿದೆವು.