ಆಶೆಂಡನ್ ಕಥೆಗಳ ಚಂದ್ರಲಾಲ್

ಚರ್ಚ್‌ಗೇಟಿನಲ್ಲಿ ಗಾಡಿ ಹತ್ತಿದವರು ಬೊರಿವಲಿ ತಲಪುವುದರೊಳಗೆ ಓದಿ ಮುಗಿಸಬಹುದಾದ ಕಥೆಗಳು ಸೋಮರ್ಸೆಟ್ ಮಾಮ್‌ನ ‘ಆಶೆಂಡನ್’ ಸಂಕಲನದಲ್ಲಿ ಹಲವಾರಿವೆ. 1928ರಲ್ಲಿ ಪ್ರಕಟವಾದ ಈ ಪುಸ್ತಕವು ಗೂಢಚಾರ ಸಾಹಿತ್ಯಕ್ಕೆ ಹೊಸದೊಂದು ದಾರಿಯನ್ನು ತೋರಿತು. ಪತ್ತೇದಾರಿ ಕಾದಂಬರಿಗಳ ರುಚಿ ಹತ್ತಿದ ಕನ್ನಡ ಓದುಗರಿಗೆ ಇದು ಮೊದಲಿಗೆ ತುಸು ಸಪ್ಪೆಯೆನಿಸಿದರೆ ಆಶ್ಚರ್ಯವಿಲ್ಲ. ಇಲ್ಲಿಯ ಗೂಢಚಾರನು ಹೆಚ್ಚಿನ ಹೊತ್ತನ್ನು ಕಾಯುವುದರಲ್ಲಿಯೇ ಕಳೆಯುತ್ತಾನೆ.

ಮಾಮ್ ವೈದ್ಯಕೀಯ ಕಲಿತವನು. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ 1897ರಲ್ಲಿ ತೇರ್ಗಡೆಯಾದರೂ ವೈದ್ಯವೃತ್ತಿಯನ್ನು ಕೈಗೊಳ್ಳಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಗುಪ್ತಚರ ಇಲಾಖೆಯು ಅವನನ್ನು ಜಿನೀವಾಕ್ಕೆ ಕಳುಹಿಸಿತು. ನಾಟಕ ಬರೆಯುವುದೇ ನೆಪ. 1917ರಲ್ಲಿ ರಷ್ಯಕ್ಕೂ ಹೋಗಿ ಬಂದ ಮೇಲೆ ಕ್ಷಯ ಉಲ್ಬಣಿಸಿ ಸ್ಕಾಟ್ಲೆಂಡಿನ ಆರೋಗ್ಯಧಾಮವನ್ನು ಸೇರಿದನು. ಸ್ಟ್ರೆಪ್ಟೋಮೈಸಿನ್ ಬರಲು ಇನ್ನೂ ಕಾಲು ಶತಮಾನವಿದ್ದ ಕಾಲವದು. ಶುದ್ಧ ಗಾಳಿ, ವಿಶ್ರಾಂತಿ, ಪುಷ್ಟಿಕರ ಆಹಾರ, ಇವೇ ಮದ್ದು. ಆ ಅನುಭವದಿಂದ ಹುಟ್ಟಿದ ‘ಸ್ಯಾನಟೋರಿಯಂ’ ಎಂಬ ಕಥೆಯಲ್ಲಿ ಆಶೆಂಡನ್ನನೇ ರೋಗಿ. ಅದು 1950ರ ‘ಟ್ರಿಯೊ’ ಚಿತ್ರದಲ್ಲಿ ಸೇರಿಕೊಂಡಿತು.

ಭಾರತೀಯ ಓದುಗರನ್ನು ಹಿಡಿದು ನಿಲ್ಲಿಸುವ ಕಥೆಯೆಂದರೆ ‘ಜೂಲಿಯಾ ಲಾಜ್ಜರಿ’. ಚಂದ್ರಲಾಲ್ ಎಂಬ ಭಾರತೀಯ ಕ್ರಾಂತಿಕಾರಿಯು ತಟಸ್ಥ ಸ್ವಿಟ್ಜರ್ಲೆಂಡಿನಲ್ಲಿರುವಷ್ಟು ಕಾಲ ಬ್ರಿಟಿಷರಿಗೆ ಅವನನ್ನು ಮುಟ್ಟುವಂತಿಲ್ಲ. ಸರೋವರದ ಆಚೆಯ ದಡದಲ್ಲಿರುವ ಥೊನೊನ್ ಊರು ಫ್ರಾನ್ಸಿಗೆ ಸೇರಿದ್ದು. ಅಲ್ಲಿಗೆ ಬಂದರೆ ಸಿಕ್ಕಿದಂತೆಯೇ. ಅವನು ಪ್ರೀತಿಸುವ ನರ್ತಕಿಯನ್ನು ಸೆರೆಮನೆಯ ಭಯಕ್ಕೆ ಗುರಿಮಾಡಿ, ಅವಳಿಂದಲೇ ಪ್ರೇಮಪತ್ರಗಳನ್ನು ಬರೆಯಿಸುತ್ತಾರೆ. ಬರೆಯಿಸುವವನು ಆಶೆಂಡನ್. ಚಂದ್ರಲಾಲ್ ಹಡಗು ಹತ್ತಿ ಬರುತ್ತಾನೆ, ಸಿಕ್ಕಿಬೀಳುತ್ತಾನೆ, ಆ ಕ್ಷಣವೇ ವಿಷ ನುಂಗಿ ಸಾಯುತ್ತಾನೆ. ಅತ್ತು ಮುಗಿಸಿದ ನರ್ತಕಿ ಕೇಳುವುದು, ತಾನು ಅವನಿಗೆ ಕೊಟ್ಟಿದ್ದ ಕೈಗಡಿಯಾರ ಹಿಂದಿರುಗಿ ಸಿಕ್ಕೀತೇ ಎಂದು! ಸಾಮ್ರಾಜ್ಯದ ಸೇವಕನಾದ ಆಶೆಂಡನ್, ಬ್ರಿಟಿಷ್ ಶಕ್ತಿಗೆ ಹೆಚ್ಚುಕಡಿಮೆ ಒಂಟಿಯಾಗಿ ಎದುರುನಿಂತ ಈ ಮನುಷ್ಯನ ಧೈರ್ಯವನ್ನು ತನ್ನ ಮೇಲಧಿಕಾರಿಯ ಎದುರಿನಲ್ಲಿಯೇ ಮೆಚ್ಚುತ್ತಾನೆ. ಮೇಲಧಿಕಾರಿಗೆ ಅದು ಹಿಡಿಸುವುದಿಲ್ಲ.

1936ರಲ್ಲಿ ಆಲ್ಫ್ರೆಡ್ ಹಿಚ್‌ಕಾಕ್ ಈ ಸಂಕಲನದಿಂದ ‘ಸೀಕ್ರೆಟ್ ಏಜೆಂಟ್’ ಚಿತ್ರವನ್ನು ತೆಗೆದನು. ಆಶೆಂಡನ್ನನ ಪಾತ್ರದಲ್ಲಿ ಜಾನ್ ಗಿಲ್‌ಗುಡ್. ಕ್ಯಾಂಬೆಲ್ ಡಿಕ್ಸನ್ನನ ನಾಟಕವೊಂದನ್ನೂ ಆಧರಿಸಿ, ಎರಡು ಕಥೆಗಳನ್ನು ಅದರಲ್ಲಿ ಕಲಸಲಾಯಿತು. ಪುಸ್ತಕದಲ್ಲಿ ಕೇಪರ್ ನಿಜವಾದ ದೇಶದ್ರೋಹಿ. ಚಿತ್ರದಲ್ಲಿ ಅವನು ತಪ್ಪಾಗಿ ಕೊಲೆಯಾಗುವ ನಿರಪರಾಧಿ. ಯಜಮಾನನಿಗಾಗಿ ಊಳಿಡುವ ನಾಯಿ ಮಾತ್ರ ಎರಡರಲ್ಲಿಯೂ ಉಂಟು, ಚಿತ್ರದಲ್ಲಿ ಆ ದೃಶ್ಯ ಇನ್ನಷ್ಟು ಕರುಳು ಹಿಂಡುತ್ತದೆ. ಕಥೆಗಳಲ್ಲಿಲ್ಲದ ಸುಂದರಿಯೊಬ್ಬಳೂ ಕೊನೆಗೊಂದು ರೈಲು ದುರಂತವೂ ಬಂದು ಸೇರಿದವು. ಚಂದ್ರಲಾಲನಿಗೆ ಮಾತ್ರ ಎಡೆ ದೊರೆಯಲಿಲ್ಲ.

ಈ ಚಂದ್ರಲಾಲ್ ಬರಿಯ ಕಲ್ಪನೆಯ ಕೂಸಲ್ಲ. ಯುದ್ಧಕಾಲದಲ್ಲಿ ಬರ್ಲಿನ್ನಿನ ಭಾರತೀಯ ಕ್ರಾಂತಿಕಾರಿಗಳ ಮುಂದಾಳಾಗಿದ್ದ ವೀರೇಂದ್ರನಾಥ ಚಟ್ಟೋಪಾಧ್ಯಾಯರೇ ಈ ಪಾತ್ರಕ್ಕೆ ಮಾದರಿಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಹೈದರಾಬಾದಿನಲ್ಲಿ 1880ರಲ್ಲಿ ಹುಟ್ಟಿದ ಅವರು ಸರೋಜಿನಿ ನಾಯ್ಡು ಅವರ ತಮ್ಮ. ಇನ್ನೊಬ್ಬ ತಮ್ಮ ಹರೀಂದ್ರನಾಥರ ಕೈಹಿಡಿದವರು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿಯವರು. ಅಂದರೆ ಮಾಮ್‌ನ ಆ ಕ್ರಾಂತಿಕಾರಿ, ಸಂಬಂಧದಲ್ಲಿ ನಮ್ಮ ಕರಾವಳಿಯ ಹೆಣ್ಣುಮಗಳ ಭಾವ! 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಕಮಲಾದೇವಿಯವರು ಇದೇ ಮುಂಬಯಿಯ ಷೇರುಪೇಟೆಯನ್ನು ಹೊಕ್ಕು ಉಪ್ಪಿನ ಪೊಟ್ಟಣಗಳನ್ನು ಮಾರಿದ್ದರು. ಹರೀಂದ್ರನಾಥರನ್ನು ಮುಂಬಯಿಯ ಕನ್ನಡಿಗರು ‘ಬಾವರ್ಚಿ’ (1972) ಚಿತ್ರದ ಮುದುಕಪ್ಪನಾಗಿ ನೋಡಿ ನಕ್ಕಿದ್ದಾರೆ.

ಕಥೆಯ ಚಂದ್ರಲಾಲ್ ಬ್ರಿಟಿಷರ ಬಲೆಗೆ ಬಿದ್ದು ಸತ್ತನು. ವೀರೇಂದ್ರನಾಥರು ಆ ಯುದ್ಧವನ್ನು ದಾಟಿ ಬದುಕಿದರು. ಕೊನೆಗೆ ಆಶ್ರಯ ಅರಸಿ ಸೋವಿಯತ್ ರಷ್ಯಕ್ಕೆ ಹೋದರು. ಹಿಚ್‌ಕಾಕನ ಚಿತ್ರ ತೆರೆಕಂಡ ಮರುವರ್ಷ, 1937ರಲ್ಲಿ, ಸ್ಟಾಲಿನ್ನನ ಪೊಲೀಸರು ಅವರನ್ನು ಬಂಧಿಸಿದರು. ಅದೇ ವರ್ಷ ಮಾಸ್ಕೋದಲ್ಲಿ ಅವರಿಗೆ ಮರಣದಂಡನೆಯಾಯಿತು.